ಕಣ್ಣು ಬಿಟ್ಟ ಹಣ್ಣು

ಗೃಹಸ್ಥನಾದವನು ತನ್ನ ಮಕ್ಕಳಿಗೆ ಸಲ್ಲಿಸಬೇಕಾದ ಋಣಗಳನ್ನು ನಮ್ಮ ಹಿರಿಯರು ಬಗೆಬಗೆಯಾಗಿ ಎಣಿಸಿದ್ದಾರೆ. ಅನ್ನ, ವಸ್ತ್ರ, ವಿದ್ಯೆ, ವಿನಯ, ಸಜ್ಜನರ ಸಹವಾಸ ಇವೆಲ್ಲವೂ ಆ ಎಣಿಕೆಯೊಳಗೆ ಬಂದಿವೆ. ಫಲಭಾರದಿಂದ ಬಾಗಿ ನಿಂತ ಒಂದು ಗಿಡದ ಬುಡಕ್ಕೆ ವರ್ಷಕ್ಕೊಮ್ಮೆಯಾದರೂ ಮಗುವನ್ನು ಕರೆದೊಯ್ದು, ಅದರ ಎಳೆಯ ಕೈಗೆ ನಿಲುಕುವಂತೆ ಕೊಂಬೆಯನ್ನು ತಗ್ಗಿಸಿ ಹಿಡಿದು, 'ಇಗೋ, ನೀನೇ ಹರಿದುಕೋ' ಎಂದು ಹೇಳುವುದು ಮಾತ್ರ ಅಲ್ಲಿ ಸೇರಿಲ್ಲ. ಬಹುಶಃ ಅವರ ಕಾಲದಲ್ಲಿ ಅದನ್ನು ಎಣಿಸಿ ಹೇಳಬೇಕಾದ ಅಗತ್ಯವೇ ಇರಲಿಲ್ಲ. ಹಿತ್ತಿಲು ದಾಟಿದರೆ ಹೊಲ, ಹೊಲ ದಾಟಿದರೆ ಗುಡ್ಡ, ಗುಡ್ಡದ ತುಂಬ ಗಿಡ ಎಂಬಂತಿದ್ದ ಆ ದಿನಗಳಲ್ಲಿ ಮಕ್ಕಳು ಯಾರೂ ಕರೆದೊಯ್ಯದೆಯೇ ಹೋಗುತ್ತಿದ್ದವು, ಉಡಿ ತುಂಬಿಕೊಂಡು ಸಂಜೆಗೆ ಮರಳುತ್ತಿದ್ದವು. ಈಗ ಹಾಗಿಲ್ಲವಾದಕಾರಣ, ಬೀದರ ನಗರದಲ್ಲಿ ಬಹುಕಾಲ ಬಾಳಿ ಮೊಮ್ಮಕ್ಕಳನ್ನು ಕಂಡಿರುವ ನಾನು, ಈ ಋಣವನ್ನೂ ಹಳೆಯ ಎಣಿಕೆಗೆ ಸೇರಿಸಿಕೊಳ್ಳಬೇಕೆಂದು ನನ್ನ ಓರಗೆಯವರಲ್ಲಿಯೂ ನನಗಿಂತ ಕಿರಿಯರಾದ ತಂದೆತಾಯಿಗಳಲ್ಲಿಯೂ ಬಿನ್ನವಿಸಿಕೊಳ್ಳಲು ಇಚ್ಛಿಸುತ್ತೇನೆ.

ನಗರದ ಮಗುವಿಗೆ ಹಣ್ಣಿನ ಅಭಾವವೇನೂ ಇಲ್ಲ. ಕಾಶ್ಮೀರದ ಸೇಬು, ನಾಗಪುರದ ಕಿತ್ತಳೆ, ಮಹಾರಾಷ್ಟ್ರದ ದ್ರಾಕ್ಷಿ ಇವೆಲ್ಲ ನಮ್ಮ ಪೇಟೆಯ ತಳ್ಳುಗಾಡಿಗಳ ಮೇಲೆ ಸಾಲುಗೊಂಡು ನಿಂತಿರುತ್ತವೆ. ಕೈಯಲ್ಲಿ ಹಣವಿದ್ದವನು ಕೊಂಡು ತರಬಹುದು, ಮಗು ತಿನ್ನಬಹುದು, ಸಿಪ್ಪೆಯನ್ನು ಎಸೆಯಬಹುದು. ಅಲ್ಲಿಗೆ ಆ ಹಣ್ಣಿನ ಸಂಬಂಧ ಮುಗಿಯಿತು. ಅದು ಯಾವ ಮಣ್ಣಿನಲ್ಲಿ ಹುಟ್ಟಿತು, ಯಾವ ಮಳೆ ಅದನ್ನು ಬೆಳೆಸಿತು, ಯಾರ ಕೈ ಅದನ್ನು ಇಳಿಸಿತು ಎಂಬ ಪ್ರಶ್ನೆಗಳು ಆ ಮಗುವಿನ ಮನಸ್ಸಿನಲ್ಲಿ ಏಳುವುದಿಲ್ಲ, ಏಕೆಂದರೆ ಕೊಂಡ ಹಣ್ಣು ತನ್ನ ಬೆಲೆಯೊಂದನ್ನು ಮಾತ್ರ ಹೊತ್ತು ತಂದಿರುತ್ತದೆ. ಕೊಯ್ದ ಹಣ್ಣಾದರೋ ತನ್ನೊಡನೆ ಒಂದು ಋತುವನ್ನು, ಒಂದು ಸ್ಥಳವನ್ನು, ಒಬ್ಬ ಒಡೆಯನನ್ನು, ಒಂದಿಷ್ಟು ಶ್ರಮವನ್ನು ತರುತ್ತದೆ. ಇವನ್ನೆಲ್ಲ ಅರಿಯದೆ ಕೇವಲ ರುಚಿಯನ್ನು ಬಲ್ಲ ನಾಲಗೆ ಅರ್ಧ ಮಾತ್ರ ಶಿಕ್ಷಣವನ್ನು ಪಡೆದ ನಾಲಗೆಯೆಂದು ನನ್ನ ಭಾವನೆ.

ಇಂಗ್ಲೆಂಡ್, ಅಮೆರಿಕ ಮುಂತಾದ ದೇಶಗಳಲ್ಲಿ ಈ ಕೊರತೆಯನ್ನು ತುಂಬಿಕೊಳ್ಳುವುದಕ್ಕೆ ತೋಟದವರೇ ಬೇಲಿಯ ಬಾಗಿಲನ್ನು ತೆರೆದು, ಸ್ಟ್ರಾಬೆರಿಯ ಕಾಲದಲ್ಲಿ ಸ್ಟ್ರಾಬೆರಿಯನ್ನೂ ಸೇಬಿನ ಕಾಲದಲ್ಲಿ ಸೇಬನ್ನೂ ಕುಟುಂಬದವರು ತಾವೇ ಕೊಯ್ದು ತೂಗಿಸಿ ಹಣ ತೆತ್ತು ಒಯ್ಯುವಂತೆ ಏರ್ಪಾಟು ಮಾಡಿದ್ದಾರೆ. ಜಪಾನಿನಲ್ಲಿಯೂ ದ್ರಾಕ್ಷಿ, ಸ್ಟ್ರಾಬೆರಿಗಳ ತೋಟಗಳಿಗೆ ಮಕ್ಕಳೊಡನೆ ಹೋಗಿಬರುವುದು ಗೃಹಸ್ಥರ ಮೆಚ್ಚಿನ ವಿಹಾರವಾಗಿದೆ. ಅದು ಒಳ್ಳೆಯ ಏರ್ಪಾಟೇ. ಆದರೆ ನಮ್ಮ ಬೀದರ ಜಿಲ್ಲೆಯಲ್ಲಿ ಹಣ್ಣು ಕೊಯ್ಯುವ ಸಂತೋಷಕ್ಕೆ ಮುಖ್ಯ ಸ್ಥಾನ ತೋಟವಲ್ಲ. ಬದು, ಬೇಲಿ, ಹಾಳುಗೋಡೆ, ಗಾಯರಾಣವೆನ್ನುವ ಗೋಮಾಳ, ಗುಡ್ಡದ ಇಳಿಜಾರು ಇವೇ ಇಲ್ಲಿ ಪ್ರಕೃತಿಯು ಮಕ್ಕಳಿಗಾಗಿ ಕಾದಿರಿಸಿದ ಉದ್ಯಾನಗಳು. ಯಾರೂ ನೀರೆರೆಯದೆ, ಯಾರೂ ಗೊಬ್ಬರ ಹಾಕದೆ ಬೆಳೆದ ಗಿಡದ ಹಣ್ಣನ್ನು ಕೊಯ್ಯುವಲ್ಲಿ ಒಂದು ವಿಶೇಷವಾದ ವಿನಯವನ್ನು ಕಲಿಯುವ ಅವಕಾಶವಿದೆ. ಅದನ್ನು ಮುಂದೆ ನಿವೇದಿಸುತ್ತೇನೆ.

ಬೀದರ ನಗರ ನಿಂತಿರುವುದು ಜಂಬಿಟ್ಟಿಗೆಯ ಒಂದು ಎತ್ತರದ ಬಯಲಿನ ಮೇಲೆ. ಕೆಳಗೆ ಕರಿಯ ಕಲ್ಲು, ಅದರ ಮೇಲೆ ಕೆಂಪಾದ, ತೂತುತೂತಾದ, ನೀರನ್ನು ಹೀರಿ ಒಳಕ್ಕೆ ಇಳಿಸುವ ಈ ಜಂಬಿಟ್ಟಿಗೆಯ ಹೊದಿಕೆ. ಮೇಲೆ ಬಿದ್ದ ಮಳೆ ಒಳಕ್ಕಿಳಿದು, ಇನ್ನು ಇಳಿಯಲು ಎಡೆಯಿಲ್ಲದಲ್ಲಿ ಪಕ್ಕಕ್ಕೆ ಹರಿದು, ಬಯಲಿನ ಅಂಚಿನಲ್ಲಿ ಒರತೆಯಾಗಿ ಹೊರಗೆ ಬರುತ್ತದೆ. ಪಾಪನಾಶ, ನರಸಿಂಹ ಝರಣಿ, ನಾನಕ ಝೀರಾ ಎಂದು ನಾವು ಕೈಮುಗಿಯುವ ತೀರ್ಥಗಳೆಲ್ಲ ಈ ಭೂರಚನೆಯ ಪ್ರಸಾದಗಳು. ಅಂಚಿನ ಇಳಿಜಾರುಗಳಲ್ಲಾದರೋ ಮಣ್ಣು ತೆಳುವು, ಕಲ್ಲು ಬಹಳ, ನೀರು ನಿಲ್ಲುವುದಿಲ್ಲ. ಜೋಳಕ್ಕೆ ಅದು ಸಲ್ಲದು, ತೊಗರಿಗೆ ಸಾಲದು. ಬೇಸಾಯಗಾರನು ಕೈಬಿಟ್ಟ ಇಂತಪ್ಪ ಭೂಮಿಯನ್ನೇ ತನ್ನ ತವರೆಂದು ಭಾವಿಸಿ ಬೆಳೆಯುವ ಗಿಡವೊಂದಿದೆ, ಅದೇ ಸೀತಾಫಲ. ಕೋಟೆಯ ಕಂದಕದ ಬಳಿ, ಅಷ್ಟೂರಿನ ಬಹಮನಿ ಗೋರಿಗಳ ಕಡೆಗೆ ಇಳಿಯುವ ಹಾದಿಯಲ್ಲಿ, ಹೊನ್ನಿಕೇರಿಯ ಕಾಡಿನ ಕಡೆಗೆ ಹೋಗುವ ದಾರಿಯ ಎಡಬಲಗಳಲ್ಲಿ, ಆಳೆತ್ತರವನ್ನು ಹೆಚ್ಚು ಮೀರದ ಆ ಗಿಡಗಳನ್ನು ಎಲ್ಲರೂ ಕಂಡಿದ್ದಾರೆ.

ವನವಾಸದಲ್ಲಿ ಸೀತಾಮಾತೆ ತಿಂದ ಹಣ್ಣಾದ್ದರಿಂದ ಇದಕ್ಕೆ ಆ ಹೆಸರು ಬಂದಿತೆಂದು ನನ್ನ ಮನೆಯಾಕೆ ಮೊಮ್ಮಕ್ಕಳಿಗೆ ಹೇಳುತ್ತಾಳೆ. ಇದು ಅಮೆರಿಕ ಖಂಡದ ಉಷ್ಣಪ್ರದೇಶದ ಗಿಡವೆಂದೂ ಪೋರ್ತುಗೀಸರ ಹಡಗುಗಳೊಡನೆ ಭಾರತಕ್ಕೆ ಬಂದಿತೆಂದೂ ಸಸ್ಯಶಾಸ್ತ್ರಜ್ಞರು ಬಹುಮಟ್ಟಿಗೆ ಒಪ್ಪಿದ್ದಾರೆ. ಎರಡನ್ನೂ ನಾನು ಮಕ್ಕಳ ಮುಂದೆ ಇಡುತ್ತೇನೆ. ಶಾಸ್ತ್ರಜ್ಞರ ಮಾತು ನಿಜವಾದರೆ, ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗವಾನನು 1472ರಲ್ಲಿ ಇಲ್ಲಿ ತನ್ನ ಮದರಸಾವನ್ನು ಕಟ್ಟಿ ಮುಗಿಸಿದಾಗ ಈ ನಾಡಿನಲ್ಲಿ ಒಂದಾದರೂ ಸೀತಾಫಲದ ಗಿಡವಿರಲಿಲ್ಲ. ಕೊಲಂಬಸನು ಅಮೆರಿಕದ ಕಡೆಗೆ ಹಡಗು ಬಿಟ್ಟದ್ದೇ ಅದಾದ ಇಪ್ಪತ್ತು ವರ್ಷಗಳ ಮೇಲೆ, 1492ರಲ್ಲಿ. ಆದರೂ ಆ ಮದರಸಾದ ಗೋಡೆಗಿಂತ ಗಿಡವೇ ಪುರಾತನವೆಂದು ತೋರುವಷ್ಟರ ಮಟ್ಟಿಗೆ ಅದು ನಮ್ಮ ಕಲ್ಲಿನಲ್ಲಿ ಬೇರುಬಿಟ್ಟಿದೆ. ದೂರದಿಂದ ಬಂದದ್ದು ಇಲ್ಲಿಯ ಬಡ ನೆಲವನ್ನು ಪ್ರೀತಿಸಿ ಇಲ್ಲಿಯದೇ ಆಗಿ, ಬರಗಾಲದ ವರ್ಷಗಳಲ್ಲಿ ದಖ್ಖನಿನ ಬಡವರ ಹಸಿವೆಯನ್ನು ಅದೆಷ್ಟೋ ಬಾರಿ ಹಿಂಗಿಸಿತೆಂಬುದು ಇತಿಹಾಸಕ್ಕೆ ಸೇರಿದ ಮಾತು. ಅಜ್ಜಿಯ ಕಥೆಯಿಂದ ಮಕ್ಕಳಿಗೆ ಭಕ್ತಿಯೂ ಶಾಸ್ತ್ರದ ಕಥೆಯಿಂದ ವಿಸ್ಮಯವೂ ದೊರೆಯುವಾಗ, ಒಂದನ್ನು ಗೆಲ್ಲಿಸಿ ಇನ್ನೊಂದನ್ನು ಸೋಲಿಸುವ ಹಟ ನನಗೇಕೆ?

ಆಡುಕುರಿಗಳು ಮೇಯುವ ಬಯಲಿನಲ್ಲಿ ಈ ಗಿಡ ಹೇಗೆ ಉಳಿಯಿತೆಂದು ಮೊಮ್ಮಗಳು ಒಮ್ಮೆ ಕೇಳಿದಳು. ಒಂದು ಎಲೆಯನ್ನು ಹರಿದು ಹೊಸಕಿ ಮೂಸಿ ನೋಡೆಂದೆ. ಆ ಉಗ್ರವಾದ ವಾಸನೆಯನ್ನು ಕಂಡು ಮುಖ ಕಿವಿಚಿದಳು. ಆಡು ಸಹ ಇದನ್ನು ತಿನ್ನಲೊಲ್ಲದು ಎಂಬುದು ಅವಳಿಗೆ ಹೇಳದೆಯೇ ತಿಳಿಯಿತು. ಎಲೆಯಲ್ಲಿಯೂ ಬೀಜದಲ್ಲಿಯೂ ಕಹಿಯನ್ನೂ ವಿಷವನ್ನೂ ಇರಿಸಿಕೊಂಡು, ಹಣ್ಣಿನ ತಿರುಳಿನಲ್ಲಿ ಮಾತ್ರ ಅಷ್ಟೊಂದು ಮಾಧುರ್ಯವನ್ನು ತುಂಬುವ ಗಿಡದ ವಿವೇಕವನ್ನು ಪುಸ್ತಕದಿಂದ ಕಲಿಸುವುದು ಕಷ್ಟ, ಗಿಡದ ಬುಡದಲ್ಲಿ ಸುಲಭ. ಬೀಜವನ್ನು ಅಗಿಯಬಾರದೆಂದೂ, ಅದರ ಪುಡಿ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯವೆಂದೂ ಅಲ್ಲಿಯೇ ಹೇಳಿದರೆ ಮಗು ಮರೆಯುವುದಿಲ್ಲ.

ಸೀತಾಫಲದ ಹೂವು ಬೇಸಿಗೆಯಲ್ಲಿ ಬರುತ್ತದೆ. ಹಸುರು ಛಾಯೆಯ ಆ ಹೂವನ್ನು ಎಲೆಗಳ ನಡುವೆ ಹುಡುಕಬೇಕು. ಅದು ಅರಳುವಾಗ ಮೊದಲು ಹೆಣ್ಣಾಗಿದ್ದು ಆಮೇಲೆ ಗಂಡಾಗುವುದರಿಂದ, ತನ್ನ ಪರಾಗ ತನಗೇ ಒದಗುವುದಿಲ್ಲ. ಪುಟ್ಟ ಜೀರುಂಡೆಗಳು ಒಂದರಿಂದ ಇನ್ನೊಂದಕ್ಕೆ ಹೊತ್ತು ತಂದರೆ ಮಾತ್ರ ಕಾಯಿ ಕಟ್ಟುತ್ತದೆ. ಅರಳಿದ ಹೂಗಳಲ್ಲಿ ಬಹುಭಾಗ ಉದುರಿಹೋಗಿ ಸ್ವಲ್ಪ ಭಾಗವಷ್ಟೇ ಫಲವಾಗುವುದು ಈ ಕಾರಣದಿಂದ. ಮುಂಗಾರು ಹಿಡಿದ ಮೇಲೆ ಕಾಯಿ ದಪ್ಪವಾಗುತ್ತ, ದಸರೆಯ ಹೊತ್ತಿಗೆ ಬಲಿತು, ದೀಪಾವಳಿಯವರೆಗೂ ಅದರ ಕಾಲ ನಡೆಯುತ್ತದೆ. ಶಾಲೆಗಳಿಗೆ ದಸರೆಯ ಸೂಟಿ ಬರುವುದೂ ಆಗಲೇ. ಮಳೆ ಹಿಂದೆ ಸರಿದು, ಹುಲ್ಲು ಇನ್ನೂ ಹಸುರಾಗಿರುವಾಗ, ಬಿಸಿಲಿಗೆ ಸೌಮ್ಯತೆ ಬಂದಿರುವಾಗ, ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊರಡುವುದಕ್ಕೆ ಇದಕ್ಕಿಂತ ಪ್ರಶಸ್ತವಾದ ಸಮಯವನ್ನು ನಾನು ಅರಿಯೆ.

ಆದರೆ ಈ ಹಣ್ಣಿನ ನಿಜವಾದ ಮಹಿಮೆ ಇನ್ನೊಂದಿದೆ. ಸೀತಾಫಲವನ್ನು ಗಿಡದಿಂದ ಹರಿದು ಅಲ್ಲಿಯೇ ತಿನ್ನಲು ಬರುವುದು ಅಪೂರ್ವ. ಗಿಡದಲ್ಲಿಯೇ ಪೂರ್ತಿ ಹಣ್ಣಾಗುವವರೆಗೆ ಬಿಟ್ಟರೆ ಅದು ಬಿರಿದು ಅಳಿಲಿಗೋ ಹಕ್ಕಿಗೋ ಬಾವಲಿಗೋ ಆಹಾರವಾಗುತ್ತದೆ. ಎಳೆಯದನ್ನು ಹರಿದರೆ ಅದು ಹಣ್ಣಾಗದೆ ಕಪ್ಪಾಗಿ ಗಟ್ಟಿಯಾಗಿ ಕೆಡುತ್ತದೆ. ಇವೆರಡರ ನಡುವೆ ಒಂದು ಸಣ್ಣ ಅವಧಿಯುಂಟು. ಮೈಮೇಲಿನ ಗುಬುಟುಗಳ ನಡುವಣ ಗೆರೆಗಳು ಅಗಲವಾಗಿ, ಅಲ್ಲಿ ಬೆಣ್ಣೆಯ ಬಣ್ಣ ಮೂಡುತ್ತದೆ. ಅದನ್ನೇ ನಮ್ಮ ಜನ ಹಣ್ಣು ಕಣ್ಣು ಬಿಟ್ಟಿತು ಎನ್ನುತ್ತಾರೆ. ಕಣ್ಣು ಬಿಟ್ಟ ಕಾಯಿಯನ್ನು ತೊಟ್ಟು ಸಹಿತವಾಗಿ ಹರಿದು, ಮನೆಗೆ ತಂದು, ಜೋಳದ ಕಣಿಕೆಯಲ್ಲೋ ಒಣಹುಲ್ಲಿನಲ್ಲೋ ಅಡೆ ಹಾಕಿ, ಕೆಲವು ದಿನ ಕಾದರೆ ಮಾತ್ರ ಅದು ಫಲವಾಗುತ್ತದೆ.

ಆದಕಾರಣ ಗುಡ್ಡಕ್ಕೆ ಹೋದ ಮಗು ಅಲ್ಲಿ ಮೊದಲು ಮಾಡಬೇಕಾದ ಕೆಲಸ ನೋಡುವುದು. ಒಂದೊಂದು ಕಾಯಿಯ ಮುಂದೆಯೂ ನಿಂತು ತಲೆಯೆತ್ತಿ ವಿಚಾರ ಮಾಡಬೇಕು.

"ಮುತ್ಯಾ, ಇದು ಕಣ್ಣ ಬಿಟ್ಟದ ಏನು?" ಎಂದು ಮೊಮ್ಮಗ ಕೂಗುತ್ತಾನೆ.

"ಇನ್ನಾ ಇಲ್ಲಪ್ಪಾ. ಗೆರಿ ನೋಡು, ಹಸರೇ ಅದ. ಮುಂದಿನ ವಾರ ಬಂದವರಿಗೆ ಅದು."

"ಮುಂದಿನ ವಾರ ಯಾರ್ ಬರ್ತಾರ?"

"ಯಾರರ ಬರ್ತಾರ. ಹಕ್ಕಿಯರ ಬರ್ತದ."

ಆತನ ಅಕ್ಕ ದೋಟಿಯನ್ನು ಹಿಡಿದು ಎತ್ತರದ ಕಾಯಿಯ ತೊಟ್ಟಿಗೆ ಕೊಕ್ಕೆ ಸಿಕ್ಕಿಸುತ್ತಾಳೆ. ಅವರ ಅವ್ವ ಸೆರಗನ್ನು ಹರಡಿ ಕೆಳಗೆ ನಿಲ್ಲುತ್ತಾಳೆ. ಬಿದ್ದರೆ ಪೆಟ್ಟಾಗುತ್ತದೆ, ಪೆಟ್ಟಾದರೆ ಕೊಳೆಯುತ್ತದೆ ಎಂಬುದು ಎಲ್ಲರಿಗೂ ತಿಳಿದುಹೋಗಿದೆ. ಮನೆಗೆ ಬಂದ ಮೇಲೆ ಮಕ್ಕಳು ಕೂಸನ್ನು ತೊಟ್ಟಿಲಲ್ಲಿ ಮಲಗಿಸುವಂತೆ ಒಂದೊಂದನ್ನೇ ಕಣಿಕೆಯಲ್ಲಿ ಹುದುಗಿಸುತ್ತಾರೆ. ಮರುದಿನ ಮುಂಜಾನೆ ಎದ್ದವರೇ ಹೋಗಿ ಮುಟ್ಟಿ ನೋಡುತ್ತಾರೆ. ಮುಟ್ಟಿದಷ್ಟೂ ಕೆಡುತ್ತದೆಂದು ಅಜ್ಜಿ ಗದರಿಸಿದರೆ ದೂರ ನಿಂತು ವಾಸನೆ ನೋಡುತ್ತಾರೆ. ಬೇಕೆಂದದ್ದು ಬೇಕೆಂದ ಗಳಿಗೆಯಲ್ಲಿಯೇ ಬಾಗಿಲಿಗೆ ಬಂದು ನಿಲ್ಲುವ ಈ ಕಾಲದಲ್ಲಿ, ತಾನು ದುಡಿದು ತಂದದ್ದನ್ನು ಸಹ ಕಾಲ ಬರುವವರೆಗೆ ಕಾಯಬೇಕೆಂಬ ಪಾಠವನ್ನು ಯಾವ ಉಪಾಧ್ಯಾಯನು ಇಷ್ಟು ಸಿಹಿಯಾಗಿ ಕಲಿಸಬಲ್ಲನು? ಕಾದ ಮಗು ಕೊನೆಗೆ ಆ ಹಣ್ಣನ್ನು ಎರಡು ಕೈಗಳಿಂದ ಬಿಡಿಸಿ, ಒಂದೊಂದು ಕಣ್ಣಿನ ಹಿಂದೆ ಒಂದೊಂದು ತೊಳೆಯನ್ನು ಕಂಡು, ಬೀಜವನ್ನು ಬೇರ್ಪಡಿಸಿ ಉಗುಳುತ್ತ ತಿನ್ನುವಾಗ ಅದರ ಮುಖದಲ್ಲಿ ಕಾಣುವ ತೃಪ್ತಿ ಕೊಂಡು ತಂದ ಹಣ್ಣಿನಿಂದ ಬರುವಂಥದಲ್ಲ.

ಇನ್ನು ವಿನಯದ ಮಾತು. ಯಾರೂ ನೆಡದ ಗಿಡಕ್ಕೆ ಒಡೆಯರಾರು? ಹೊಲದ ಬದುವಿನಲ್ಲಿದ್ದರೆ ಹೊಲದವನು. ಅವನ ಅಪ್ಪಣೆಯಿಲ್ಲದೆ ಒಂದು ಕಾಯಿಯನ್ನೂ ಮುಟ್ಟಬಾರದು. ಕಾಯ್ದಿಟ್ಟ ಅರಣ್ಯದಲ್ಲಾಗಲಿ ಕೋಟೆಯ ಆವರಣದಲ್ಲಾಗಲಿ ಅಲ್ಲಿಯ ಕಟ್ಟಳೆಯಿದ್ದಂತೆ ನಡೆಯಬೇಕು. ಗಾಯರಾಣದಲ್ಲಿ ಗಿಡವಿದ್ದರೆ ಎಲ್ಲರಿಗೂ ಸೇರಿದ್ದು ನಿಜ. ಆದರೆ ಎಲ್ಲರಲ್ಲಿ ಮೊದಲಿಗರು ಯಾರೆಂಬುದನ್ನು ಮಕ್ಕಳಿಗೆ ತೋರಿಸಬೇಕು. ನಸುಕಿನಲ್ಲಿಯೇ ಎದ್ದು ಗುಡ್ಡ ಹತ್ತಿ, ಬುಟ್ಟಿ ತುಂಬಿಕೊಂಡು, ತಲೆಯ ಮೇಲೆ ಹೊತ್ತು ಬಂದು, ಹೆದ್ದಾರಿಯ ಬದಿಯಲ್ಲಿಯೂ ಪೇಟೆಯ ಮೂಲೆಯಲ್ಲಿಯೂ ಕುಳಿತು ಮಾರುವ ಹಳ್ಳಿಗಳ ಮತ್ತು ತಾಂಡಾಗಳ ಹೆಣ್ಣುಮಕ್ಕಳಿಗೆ ಈ ಹಣ್ಣು ವಿಹಾರವಲ್ಲ, ಆ ದಿನದ ಎಣ್ಣೆ ಬೇಳೆಗಳ ಬೆಲೆ. ನಾವು ಕುಟುಂಬ ಸಮೇತರಾಗಿ ಹೋಗಿ ಗಿಡಗಳನ್ನೆಲ್ಲ ಬರಿದುಮಾಡಿ ಬಂದರೆ ಅದು ವಿಹಾರವೆನಿಸದು. ಆದ್ದರಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿಯುಂಟು: ಮಕ್ಕಳು ತಮ್ಮ ಸಣ್ಣ ಬುಟ್ಟಿಯಷ್ಟನ್ನೇ ಕೊಯ್ಯುತ್ತಾರೆ, ಮನೆಗೆ ಇನ್ನೂ ಬೇಕಾದರೆ ಮರಳುವಾಗ ದಾರಿಯ ಬದಿಯ ಅಕ್ಕನ ಹತ್ತಿರ ಕೊಳ್ಳುತ್ತೇವೆ, ಅಂದು ಮಾತ್ರ ಬೆಲೆಗೆ ಚೌಕಾಶಿ ಮಾಡುವುದಿಲ್ಲ. ಒಂದು ಬುಟ್ಟಿ ತುಂಬಲು ಎಷ್ಟು ನಡೆಯಬೇಕು, ಎಷ್ಟು ಬಾಗಬೇಕು, ಎಷ್ಟು ಮುಳ್ಳು ತರಚಬೇಕೆಂಬುದನ್ನು ತಮ್ಮ ಕೈಕಾಲುಗಳಿಂದ ಅರಿತ ಮಕ್ಕಳು ಆ ಹೆಣ್ಣುಮಗಳನ್ನು ನೋಡುವ ದೃಷ್ಟಿಯೇ ಬೇರೆಯಾಗುವುದನ್ನು ನಾನು ಕಂಡಿದ್ದೇನೆ.

ಸೀತಾಫಲದ ಕಾಲ ಮುಗಿದು ಚಳಿ ಬಲಿತ ಮೇಲೆ ಬಾರಿಹಣ್ಣಿನ, ಎಂದರೆ ಬೋರೆಹಣ್ಣಿನ, ಕಾಲ ಬರುತ್ತದೆ. ಅದಕ್ಕೆ ನಾವು ಹೋಗುವುದು ಭಾಲ್ಕಿಯ ಕಡೆಗೆ. ನನ್ನ ಸೊಸೆಯ ತವರು ಆ ತಾಲ್ಲೂಕಿನ ಎರೆಯ ಸೀಮೆಯಲ್ಲಿದೆ. ಬೀದರದಿಂದ ರೈಲು ಹಿಡಿದರೆ ಮಕ್ಕಳಿಗೆ ಪ್ರಯಾಣವೂ ಉತ್ಸವವೇ. ಮಾರ್ಗಶಿರದ ಅಮಾವಾಸ್ಯೆಯಾದ ಎಳ್ಳಮಾಸಿಯಂದು ನಮ್ಮ ಸೀಮೆಯಲ್ಲಿ ಊರು ಊರೇ ಹೊಲಕ್ಕೆ ನಡೆಯುತ್ತದೆ. ಪೇಟೆಯ ಅಂಗಡಿಗಳಿಗೂ ಅಂದು ಬಿಡುವು. ಕಣಿಕೆಯ ಸೂಡುಗಳಿಂದ ಸಣ್ಣ ಕೊಂಪೆಯನ್ನು ಕಟ್ಟಿ, ಅದರೊಳಗೆ ಪಾಂಡವರೆಂದು ಐದು ಕಲ್ಲುಗಳನ್ನಿರಿಸಿ ಪೂಜಿಸಿ, ಬೆಳೆಯ ನಡುವೆ ಚರಗ ಚೆಲ್ಲಿದ ಮೇಲೆ ಊಟ. ಹಸಿ ತೊಗರಿ ಕಾಳು, ಹಸಿ ಕಡಲೆ ಕಾಳು, ಮೆಂತ್ಯದ ಪಲ್ಯ, ಬದನೆ, ಗಜ್ಜರಿ ಮುಂತಾದುವನ್ನೆಲ್ಲ ಹುಣಸೆಹುಳಿ, ಕಡಲೆಹಿಟ್ಟುಗಳೊಡನೆ ಕುದಿಸಿದ ಭಜ್ಜಿ, ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಮಡಕೆಯ ಅಂಬಲಿ. ಗುರುತಿಲ್ಲದ ದಾರಿಹೋಕನನ್ನೂ ಕೂಗಿ ಕರೆದು ಉಣ್ಣಿಸುವ ಆ ದಿನ ಹಿರಿಯರು ಊಟ ಮುಗಿಸಿ ಗಿಡದ ನೆರಳಿನಲ್ಲಿ ಅಡ್ಡಾದರೆಂದರೆ, ಬದುವಿನ ಬಾರಿಗಿಡಗಳ ಕಡೆಗೆ ಮಕ್ಕಳ ದಂಡು ಹೊರಡುತ್ತದೆ.

ಸೀತಾಫಲ ಕಾಯುವುದನ್ನು ಕಲಿಸಿದರೆ ಬಾರಿಗಿಡ ಎಚ್ಚರವನ್ನು ಕಲಿಸುತ್ತದೆ. ಅದರ ಮುಳ್ಳುಗಳು ಜೋಡಿಯಾಗಿರುತ್ತವೆ, ಒಂದು ನೆಟ್ಟಗೆ, ಇನ್ನೊಂದು ಹಿಂದಕ್ಕೆ ಬಾಗಿದ್ದು. ನೆಟ್ಟಗಿನದು ಚುಚ್ಚುತ್ತದೆ, ಬಾಗಿದ್ದು ಅಂಗಿಯನ್ನು ಹಿಡಿಯುತ್ತದೆ. ಹಿಡಿದಾಗ ಮುಂದಕ್ಕೆ ಜಗ್ಗಿದರೆ ಬಟ್ಟೆ ಹರಿಯುತ್ತದೆ. ಒಂದು ಹೆಜ್ಜೆ ಹಿಂದೆ ಸರಿದು ಮೆಲ್ಲಗೆ ಬಿಡಿಸಿಕೊಳ್ಳಬೇಕು. ಬೀಗರ ಮನೆಯ ಹಿರಿಯರು ಕೊಂಬೆಯನ್ನು ಅಲ್ಲಾಡಿಸಿದಾಗ ಹಳದಿ, ಕೆಂಪು, ಕಂದು ಬಣ್ಣದ ಹಣ್ಣುಗಳು ಕೆಳಗೆ ಹಾಸಿದ ಧೋತರದ ಮೇಲೆ ಉದುರುತ್ತವೆ. ಅರ್ಧ ಕಚ್ಚಿ, ಒಳಗೆ ಹುಳವಿದೆಯೇ ಎಂದು ನೋಡಿ, ಆಮೇಲೆ ಉಳಿದರ್ಧವನ್ನು ತಿನ್ನಬೇಕೆಂಬ ಶಾಸ್ತ್ರವನ್ನು ಹಳ್ಳಿಯ ಮಕ್ಕಳು ನಗರದ ಮಕ್ಕಳಿಗೆ ಬೋಧಿಸುತ್ತಾರೆ. ಕಚ್ಚಿ ರುಚಿ ನೋಡಿದ ಹಣ್ಣನ್ನೇ ಶಬರಿಯು ರಾಮನಿಗೆ ಕೊಟ್ಟಳೆಂಬ ಜನಪ್ರಿಯವಾದ ಕಥೆ ಈ ಗಿಡದ ಬುಡದಲ್ಲಿ ಹೇಳಿದಾಗ ಎಷ್ಟು ಸಹಜವಾಗಿ ಕೇಳಿಸುತ್ತದೆ! ಹುಳುಕಿಲ್ಲದ್ದು, ಹುಳಿಯಿಲ್ಲದ್ದು ಇದೇ ಎಂದು ತಾನು ಪರೀಕ್ಷಿಸಿ ತಿಳಿದ ಹಣ್ಣನ್ನು ಇನ್ನೊಬ್ಬರ ಕೈಗೆ ಕೊಡುವುದರಲ್ಲಿರುವ ವಾತ್ಸಲ್ಯ ಮಕ್ಕಳಿಗೆ ವ್ಯಾಖ್ಯಾನವಿಲ್ಲದೆ ಅರ್ಥವಾಗುತ್ತದೆ. ಅಂದು ಆಯ್ದು ತಂದ ಬಾರಿಹಣ್ಣು ಸಂಕ್ರಾಂತಿಯವರೆಗೂ ಬರುತ್ತದೆ. ಆಗ ಮನೆಯ ಅತಿ ಕಿರಿಯ ಕೂಸನ್ನು ಮಣೆಯ ಮೇಲೆ ಕುಳ್ಳಿರಿಸಿ, ಬಾರಿಹಣ್ಣು, ಕಬ್ಬಿನ ಚೂರು, ಚುರುಮುರಿಗಳನ್ನು ತಲೆಯ ಮೇಲಿಂದ ಸುರಿದು ಆರತಿ ಎತ್ತುವಾಗ, ದೊಡ್ಡ ಮಕ್ಕಳು ತಾವು ಆರಿಸಿದ ಹಣ್ಣೇ ತಮ್ಮನ ನೆತ್ತಿಯನ್ನು ಮುಟ್ಟಿತೆಂದು ಹೆಮ್ಮೆಪಡುತ್ತಾರೆ.

ಭಾಲ್ಕಿಯ ನೆಲದಲ್ಲಿ ನಿಂತು ಒಂದು ಮಾತನ್ನು ನೆನೆಯದೆ ಇರಲಾರೆ. ನಿಜಾಮರ ಆಳಿಕೆಯಲ್ಲಿ ಕನ್ನಡ ಶಾಲೆಗೆ ಎಡೆಯಿಲ್ಲದಿದ್ದಾಗ, ಇಲ್ಲಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದುವಿನ ಫಲಕವನ್ನು ತೂಗಿಸಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದರು. ಹಿರಿಯರಾದವರು ಮನಸ್ಸು ಮಾಡಿ ಕೈಯಿಂದ ಕೈಗೆ ದಾಟಿಸದೆ ಇದ್ದರೆ ಯಾವುದೂ ತಾನಾಗಿ ಮುಂದಿನ ತಲೆಮಾರಿಗೆ ದಾಟುವುದಿಲ್ಲವೆಂಬುದನ್ನು ಆ ಮಹನೀಯರು ಬಲ್ಲವರಾಗಿದ್ದರು. ನುಡಿಯ ವಿಷಯದಲ್ಲಿ ಸತ್ಯವಾದದ್ದು ಗಿಡಮರಗಳ ತಿಳಿವಿನ ವಿಷಯದಲ್ಲಿಯೂ ಸತ್ಯವೇ. ಯಾವ ಹಣ್ಣು ತಿನ್ನತಕ್ಕದ್ದು, ಯಾವುದು ವಿಷ, ಯಾವ ಮಳೆಗೆ ಯಾವುದು ಮಾಗುತ್ತದೆ ಎಂಬ ವಿದ್ಯೆ ಒಂದು ತಲೆಮಾರು ಮರೆತರೆ ಸಾಕು, ಮತ್ತೆ ಅದನ್ನು ಗ್ರಂಥಾಲಯದಲ್ಲಿ ಹುಡುಕಬೇಕಾಗುತ್ತದೆ.

ಆ ವಿದ್ಯೆಯನ್ನು ಸಂಪೂರ್ಣವಾಗಿ ಬಲ್ಲವರನ್ನು ಕಾಣಬೇಕಾದರೆ ಔರಾದಿಗೆ ಹೋಗಬೇಕು. ಕರ್ನಾಟಕದ ಉತ್ತರದ ತುದಿಯಾದ ಆ ಸೀಮೆಗೆ ನನ್ನ ತಂಗಿಯನ್ನು ಕೊಟ್ಟಿದೆ. ಮಾಂಜರಾ ನದಿಯನ್ನು ದಾಟಿ ಮುಂದೆ ಹೋದಂತೆ ಬಯಲು ಬಯಲಾಗಿ ಹರಡುವ ಆ ನಾಡಿನಲ್ಲಿ ದೇವಣಿಯ ದನಗಳನ್ನು ಕಾಯುವ ಮುದುಕರೊಬ್ಬರು ನಮ್ಮ ಮಕ್ಕಳಿಗೆ ಗುರುಗಳಾದರು. ಮೃಗಶಿರಾ ಮಳೆಯ ಹೊತ್ತಿಗೆ ನೇರಳೆ, ಅದರ ಹಿಂದುಮುಂದಿನಲ್ಲಿ ಕವಳಿಹಣ್ಣು, ದಸರೆಗೆ ಸೀತಾಫಲ, ಚಳಿಗೆ ಬಾರಿ, ಶಿವರಾತ್ರಿಯ ಸುಮಾರಿಗೆ ಹುಣಸೆ, ಬಿಸಿಲೇರಿದಂತೆ ರಾಮಫಲ, ಯುಗಾದಿಗೆ ಮಾವಿನ ಹೂವೂ ಹೀಚೂ ಎಂದು ಬೆರಳು ಮಡಿಚುತ್ತ ಅವರು ವರ್ಷವನ್ನೇ ಎಣಿಸಿ ತೋರಿಸಿದಾಗ, ಗೋಡೆಯ ಮೇಲಿನ ಪಂಚಾಂಗಕ್ಕಿಂತ ಜೀವಂತವಾದ ಒಂದು ಪಂಚಾಂಗ ಹೊರಗೆ ಇದೆಯೆಂದು ಮಕ್ಕಳಿಗೆ ಮನವರಿಕೆಯಾಯಿತು. ಮಕ್ಕಳು ಬಾರಿಗಿಡವೊಂದನ್ನು ಬರಿದುಮಾಡಲು ಹೊರಟಾಗ ಅವರು ಕೋಲೂರಿ ನಿಂತು, "ಗಿಡದಾಗ ಒಂದಿಷ್ಟ್ ಬಿಡ್ರೆಪ್ಪಾ, ಹಕ್ಕಿ ಏನ್ ತಿನ್ಬೇಕು?" ಎಂದರು. ಮೊಮ್ಮಗ ಉಡಿಯಲ್ಲಿದ್ದುದನ್ನು ನೋಡಿಕೊಂಡು ಕೈ ಹಿಂದಕ್ಕೆ ತೆಗೆದ. ಹಣ್ಣು ಕೊಯ್ಯುವ ವಿದ್ಯೆಯ ಸಾರವೆಲ್ಲ ಆ ಒಂದು ಮಾತಿನಲ್ಲಿದೆಯೆಂದು ನಾನು ತಿಳಿದಿದ್ದೇನೆ. ಎಳೆಯದನ್ನು ಕಾಲಕ್ಕೆ ಬಿಡಬೇಕು. ಎತ್ತರದ್ದನ್ನು ಹಕ್ಕಿಗೆ ಬಿಡಬೇಕು. ಉಳಿದುದರಲ್ಲಿ ಬಡವರ ಪಾಲನ್ನು ಅವರಿಗೆ ಬಿಡಬೇಕು. ಇಷ್ಟನ್ನೂ ಬಿಟ್ಟ ಮೇಲೆ ನಮ್ಮ ಪಾಲಿಗೆ ಬಂದದ್ದು ನಿಜವಾಗಿಯೂ ನಮ್ಮದು. ಬಿಡುವುದನ್ನು ಬಲ್ಲವನಿಗೇ ಕೊಯ್ಯುವ ಅಧಿಕಾರ. ಇದನ್ನು ಮಗು ಐದಾರು ವರ್ಷದ ವಯಸ್ಸಿನಲ್ಲಿ ಗಿಡದ ಬುಡದಲ್ಲಿ ಕಲಿತರೆ, ಮುಂದೆ ಐಶ್ವರ್ಯದ ಬುಡದಲ್ಲಿ ನಿಂತಾಗಲೂ ಅದಕ್ಕೆ ನೆನಪಾದೀತು.

ಮುಳ್ಳು ಚುಚ್ಚೀತು, ಹುಳಹುಪ್ಪಟೆ ಕಚ್ಚೀತು, ಬಿಸಿಲು ತಾಕೀತು, ಅಭ್ಯಾಸ ಹಿಂದುಳಿದೀತು ಎಂದು ತಾಯಂದಿರು ಆತಂಕಪಡುವುದುಂ‍ಟು. ಆತಂಕ ಅಕಾರಣವಲ್ಲ. ಕಲ್ಲಿನ ಸಂದಿಗೂ ಪೊದೆಗೂ ಕೈಹಾಕಗೊಡಬಾರದು. ಕಾಲಿಗೆ ಗಟ್ಟಿಯಾದ ಮೆಟ್ಟು, ತಲೆಗೆ ಅರಿವೆ, ಕುಡಿಯಲು ನೀರು ಇರಬೇಕು. ಮುಂಜಾನೆಯ ತಂಪಿನಲ್ಲಿ ಹೋಗಿ ಬಿಸಿಲೇರುವುದರೊಳಗೆ ನೆರಳು ಸೇರಬೇಕು. ಗುರುತಿಲ್ಲದ ಹಣ್ಣನ್ನು ಹಿರಿಯರಿಗೆ ತೋರಿಸದೆ ಬಾಯಿಗೆ ಇಡಕೂಡದೆಂದು ಮೊದಲೇ ಆಣೆ ಹಾಕಿಸಬೇಕು. ಇಷ್ಟು ಜಾಗ್ರತೆಯಿದ್ದಲ್ಲಿ ಒಂದೆರಡು ತರಚುಗಾಯಗಳು ಬಾಲ್ಯದ ಸ್ವಾಭಾವಿಕವಾದ ಆಭರಣಗಳೇ ಹೊರತು ಅನರ್ಥಗಳಲ್ಲ. ಗುಡ್ಡಕ್ಕೆ ಹೋಗಲಾರದವರು ತೋಟದವನನ್ನಾದರೂ ಕೇಳಿಕೊಳ್ಳಬಹುದು. ಸೀತಾಫಲದ ಬಾಲಾನಗರ ತಳಿಯನ್ನೂ ಹೆಸರಘಟ್ಟದ ಸಂಶೋಧನಾ ಸಂಸ್ಥೆಯವರು ರೂಪಿಸಿದ ಅರ್ಕ ಸಹನ ಎಂಬ ಸಂಕರ ತಳಿಯನ್ನೂ ಸಾಲಾಗಿ ಬೆಳೆಸುವ ರೈತರು ಈಗ ಇದ್ದಾರೆ. ಮಕ್ಕಳನ್ನು ಕರೆತಂದು, ತೂಗಿ ಹಣ ಕೊಟ್ಟು ಒಯ್ಯುತ್ತೇವೆಂದರೆ ಬೇಡವೆನ್ನುವ ರೈತನು ವಿರಳ.

ಆದರೆ ಗುಡ್ಡವೇ ಉಳಿಯದಿದ್ದರೆ? ನಗರದ ಅಂಚಿನ ಇಳಿಜಾರುಗಳಲ್ಲಿ ಜಂಬಿಟ್ಟಿಗೆಯನ್ನು ಕಡಿದು ಇಟ್ಟಿಗೆ ಮಾಡಿ ಒಯ್ಯುತ್ತಿದ್ದಾರೆ. ಕಲ್ಲು ನೆಟ್ಟು ನಿವೇಶನಗಳಾಗಿ ಹಂಚುತ್ತಿದ್ದಾರೆ. ಯಂತ್ರ ಬಂದಲ್ಲಿ ಬದು ಮಾಯವಾಗುತ್ತದೆ, ಕಬ್ಬು ಬಂದಲ್ಲಿ ಬಾರಿಗಿಡಕ್ಕೆ ಎಡೆಯಿಲ್ಲ. ಯಾರಿಗೂ ಲಾಭವಿಲ್ಲದ ಗಿಡವೆಂದು ತಿಳಿದು ಕಡಿಯುವವನ ಕೈಯನ್ನು ತಡೆಯಬಲ್ಲವರು, ಆ ಗಿಡದ ಹಣ್ಣನ್ನು ಚಿಕ್ಕಂದಿನಲ್ಲಿ ತಮ್ಮ ಕೈಯಿಂದ ಕೊಯ್ದವರೇ. ಕಾಣದ್ದನ್ನು ಯಾರೂ ಪ್ರೀತಿಸಲಾರರು; ಪ್ರೀತಿಸದ್ದನ್ನು ಯಾರೂ ಕಾಯಲಾರರು. ನಾಳೆ ಈ ನೆಲದ ಅಧಿಕಾರಿಗಳೂ ಒಡೆಯರೂ ಆಗುವ ಮಕ್ಕಳಿಗೆ ಇಂದು ಆ ಗಿಡದ ಪರಿಚಯವಾಗದಿದ್ದರೆ, ಅದರ ಪರವಾಗಿ ನುಡಿಯುವ ಬಾಯಿ ಒಂದೂ ಉಳಿಯದು.

ಆದ್ದರಿಂದ ಬೀದರ, ಭಾಲ್ಕಿ, ಔರಾದಗಳ ತಂದೆತಾಯಿಗಳಲ್ಲಿ ನನ್ನ ಪ್ರಾರ್ಥನೆ ಇಷ್ಟೆ. ಬರುವ ದಸರೆಯ ಸೂಟಿಯಲ್ಲಿ ಒಂದು ಮುಂಜಾನೆಯನ್ನು ಮಕ್ಕಳಿಗಾಗಿ ತೆಗೆದಿಡಿರಿ. ಹೊಲದವರ ಅಪ್ಪಣೆಯನ್ನು ಮಕ್ಕಳ ಬಾಯಿಂದಲೇ ಕೇಳಿಸಿರಿ. ಕಣ್ಣು ಬಿಟ್ಟದ್ದನ್ನಷ್ಟೇ ಕೊಯ್ಯಿಸಿರಿ, ಉಳಿದದ್ದನ್ನು ಗಿಡದಲ್ಲಿಯೇ ಬಿಡಹೇಳಿರಿ. ತಿಂದಾದ ಮೇಲೆ ಬೀಜಗಳನ್ನು ತೊಳೆದು ಒಣಗಿಸಿ ಇಟ್ಟು, ಮುಂಗಾರು ಹಿಡಿದಾಗ ಅವನ್ನು ಹಿತ್ತಿಲಿನಲ್ಲೋ ಬದುವಿನಲ್ಲೋ ಶಾಲೆಯ ಅಂಗಳದಲ್ಲೋ ಅದೇ ಕೈಗಳಿಂದ ಊರಿಸಿರಿ. ಬೀಜದಿಂದ ಬೆಳೆದ ಸೀತಾಫಲ ಮೂರು ನಾಲ್ಕು ವರ್ಷಗಳಲ್ಲಿ ಕಾಯಿ ಕಟ್ಟುತ್ತದೆ. ಇಂದು ಅಂಗನವಾಡಿಗೆ ಹೋಗುವ ಮಗು ಎರಡನೆಯ ಇಯತ್ತೆಗೋ ಮೂರನೆಯ ಇಯತ್ತೆಗೋ ಬರುವಷ್ಟರಲ್ಲಿ, ತಾನು ನೆಟ್ಟ ಗಿಡದ ಹಣ್ಣನ್ನು ಇನ್ನೊಂದು ಮಗುವಿಗೆ ಕೊಯ್ದುಕೊಡಬಲ್ಲದು.